ಮೂರನೇ ಸಲದ ಓದು

ತೂಸಾನ್ ಬ್ರೆವಾಲನದು ಹಾಡು ಕಟ್ಟುವುದಕ್ಕಿಂತ ಕದ್ದು ಕೇಳುವುದರಲ್ಲಿ ಹೆಚ್ಚು ಪಳಗಿದ ಕೈ, ಅಲ್ಲ, ಪಳಗಿದ ಕಿವಿ. ಇದನ್ನು ಬೈಗುಳವೆಂದು ತಿಳಿಯಬೇಡಿ. ಅವನ ಕಸುಬೇ ಹಾಗಿತ್ತು. ರಾಜರು ಆಳುತ್ತಿದ್ದ ಆಗಿನ ಪ್ಯಾರಿಸ್ಸಿನಲ್ಲಿ ಒಳ್ಳೆಯ ಹಾಡು ಅಂದರೆ ಒಳ್ಳೆಯ ಮಾತು, ಅಷ್ಟೆ. ಮಾತು ಎಲ್ಲಿ ಏರುತ್ತದೋ ಅಲ್ಲಿ ರಾಗವೂ ಏರಬೇಕು. ಮಾತು ಎಲ್ಲಿ ಉಸಿರಿಗೆ ನಿಲ್ಲುತ್ತದೋ ಅಲ್ಲಿ ರಾಗವೂ ನಿಲ್ಲಬೇಕು. ಈ ಸಾಲಿಗೆ ಮೂರರ ತಾಳ ಬೇಕೆಂದರೆ ಮೂರು, ಮುಂದಿನ ಸಾಲು ನಾಲ್ಕು ಕೇಳಿದರೆ ನಾಲ್ಕು. ಮಾತು ಯಜಮಾನ, ತಾಳ ಅದರ ಹಿಂದೆ ಓಡುವ ಆಳು. ಇಟಲಿಯವರ ಹಾಗೆ ಒಂದೇ ಮಾತನ್ನು ಹಿಡಿದು ಹತ್ತು ಸಲ ಎಳೆದಾಡಿದರೆ ಇಲ್ಲಿಯ ಜನ, ಪಾಪ ಇವನಿಗೆ ಬಿಕ್ಕಳಿಕೆ ಹತ್ತಿದೆ ಎಂದು ನೀರು ತಂದುಕೊಡುತ್ತಿದ್ದರು.

ಹಾಗಾಗಿ ತೂಸಾನ್ ಹಗಲಿಡೀ ಊರಿನ ಬಾಯಿಗೆ ಕಿವಿ ಕೊಟ್ಟುಕೊಂಡೇ ಬದುಕುತ್ತಿದ್ದ. ಮೀನಿನ ಕಟ್ಟೆಯಲ್ಲಿ ಹೆಂಗಸರು ಕಾದಾಡುವುದು, ಇಗರ್ಜಿಯ ಮೆಟ್ಟಿಲ ಮೇಲೆ ತಿರುಪೆಯವರು ದೇವರ ಹೆಸರು ಹಿಡಿದು ಬೇಡುವುದು, ನಾಟಕದ ನಟಿಯರು ಸಾಯುವ ಮುಂಚೆ ಅರ್ಧ ಗಂಟೆ ಮಾತಾಡುವುದು, ಎಲ್ಲವನ್ನೂ ಕೇಳಿಸಿಕೊಂಡು, ಅಂಗಿಯ ತೋಳಿನೊಳಗೆ ಇಟ್ಟುಕೊಂಡ ಚೀಟಿಗಳ ಮೇಲೆ, ಅಲ್ಲಿಯವರು ಸ್ವರ ಬರೆಯುವ ಐದು ಗೆರೆ ಎಳೆದು ಅದರ ಏರಿಳಿತವನ್ನು ಗುರುತು ಹಾಕಿಕೊಳ್ಳುತ್ತಿದ್ದ. ಒಮ್ಮೆ ಪಕ್ಕದ ಬೀದಿಯ ಚಮ್ಮಾರನ ಹೆಂಡತಿ ಗಂಡನನ್ನು ಬೈದ ಧಾಟಿಯನ್ನು ಹಾಗೇ ಎತ್ತಿ ಒಂದು ವಿರಹಗೀತೆಗೆ ಹಾಕಿದ್ದ. ಅದನ್ನು ಕೇಳಿ ಯಾವಳೋ ರಾಜಕುಮಾರಿ ಅತ್ತಳಂತೆ. ಚಮ್ಮಾರ ಕೇಳಿದ್ದರೂ ಅಳುತ್ತಿದ್ದ, ಕಾರಣ ಬೇರೆ.

ವಾರದಲ್ಲಿ ಆರು ದಿನ ಅವನಿಗೆ ದುಡಿಮೆ, ಏಳನೆಯದು ಗುರುವಾರ. ಗುರುವಾರ ಬೆಳಿಗ್ಗೆ ಗಾಜಿನವರ ಬೀದಿಯ ಮದಾಮ್ ತಿಬೂ ಮನೆಗೆ ಪಾಠ ಹೇಳಲು ಹೋಗುತ್ತಿದ್ದ. ಅರ್ಮೆಲ್ ತಿಬೂ ಧಾನ್ಯದ ವ್ಯಾಪಾರಿಯೊಬ್ಬನ ವಿಧವೆ. ನಲವತ್ತಕ್ಕೆ ಒಂದೆರಡು ಕಮ್ಮಿ. ಮಾರ್ನ್ ಹೊಳೆಯ ದಡದಲ್ಲಿ ಆಕೆಗೆ ನೀರಿನಿಂದ ತಿರುಗುವ ಎರಡು ಹಿಟ್ಟಿನ ಗಿರಣಿ, ಸುತ್ತ ಕಣ್ಣು ಹಾಯುವಷ್ಟು ಹುಲ್ಲುಗಾವಲು, ಮೂರು ದೊಡ್ಡ ಕಣಜ ಇದ್ದವು. ಗಂಡ ಬದುಕಿದ್ದಾಗ ಆಕೆ ಒಂದು ದಿನವೂ ಬಾಯಿಬಿಟ್ಟು ಹಾಡಿದವಳಲ್ಲ. ಅವನು ತೀರಿಕೊಂಡು ವರ್ಷ ತುಂಬಿದ ಮರುದಿನ ತೂಸಾನನನ್ನು ಕರೆಸಿ, "ಮೇಷ್ಟ್ರೇ, ನಂಗೆ ದನಿ ಅನ್ನೋದು ಇದ್ಯೋ ಇಲ್ವೋ ನೋಡಿ ಹೇಳಿ" ಎಂದಿದ್ದಳು. ದನಿ ಸಣ್ಣದಿತ್ತು. ಕಿವಿ ಮಾತ್ರ ಬೆಕ್ಕಿನ ಕಿವಿ. ಆರು ವರ್ಷದಲ್ಲಿ ತೂಸಾನ್ ತನಗೆ ಗೊತ್ತಿದ್ದದ್ದನ್ನೆಲ್ಲ ಆ ಕಿವಿಗೆ ಸುರಿದಿದ್ದ. ಮಾತು ಕೇಳಿ ಗುರುತು ಹಾಕಿಕೊಳ್ಳುವ ವಿದ್ಯೆಯನ್ನೂ ಬಿಟ್ಟಿರಲಿಲ್ಲ.

ಪಾಠ ಮುಗಿದ ಮೇಲೆ ಮಧ್ಯಾಹ್ನದ ಊಟ ಅಲ್ಲೇ. ಅಡುಗೆಯ ಪೆರಿನ್ ಈರುಳ್ಳಿದಂಟಿನ ಸೂಪು ತಂದು ಬಡಿಸುವಳು. ತೂಸಾನ್ ಎರಡು ಗುಟುಕು ಕುಡಿದು, ಚಮಚ ಕೆಳಗಿಟ್ಟು, ಪ್ರತಿ ಗುರುವಾರವೂ ಒಂದೇ ಮಾತು ಹೇಳುವನು.

"ಮದಾಮ್, ಸೂಪಿಗೆ ಇನ್ನೊಂದು ಚಿಟಿಕೆ ಉಪ್ಪು ಬೇಕಿತ್ತು."

ಪೆರಿನ್ನಳಿಗೆ ಇದನ್ನು ಕೇಳಿದರೆ ಮೈ ಉರಿಯುತ್ತಿತ್ತು. "ಆರು ವರ್ಷದಿಂದ ಒಂದೊಂದೇ ಚಿಟಿಕೆ ಜಾಸ್ತಿ ಮಾಡ್ಕೊಂಡ್ ಬಂದಿದೀನಿ. ಈಗ ಅದು ಸೂಪಲ್ಲ, ಸಮುದ್ರ. ಪಕ್ಕದ್ಮನೆ ನೋಟರಿ ಒಂದ್ ಬಟ್ಲು ಕುಡಿದ್ರೆ ಮೂರು ಹೂಜಿ ನೀರು ಖಾಲಿ ಮಾಡ್ತಾನೆ. ಈ ಮೇಷ್ಟ್ರ ನಾಲಿಗೆ ಅದ್ಯಾವ ಮರದಲ್ಲಿ ಕೆತ್ತಿದ್ದೋ!" ಎಂದು ಒಲೆಯ ಮುಂದೆ ಗೊಣಗುವಳು. ಮದಾಮ್ ತಿಬೂ ಮಾತ್ರ ಉಪ್ಪಿನ ಬಟ್ಟಲನ್ನು ಅವನ ಕಡೆ ಸರಿಸುವಳು. ತೂಸಾನ್ ಅದನ್ನು ಮುಟ್ಟುತ್ತಲೂ ಇರಲಿಲ್ಲ.

ಈ ನೆಮ್ಮದಿಗೆ ಕಲ್ಲು ಹಾಕಲು ಬಂದವನು ಬ್ಯಾರನ್ ದ ಮಾಲ್ವೊ. ಹಳೆಯ ವಂಶ, ಹಳೆಯ ಕೋಟೆ, ಹಳೆಯ ಚಾವಣಿ. ಮಳೆ ಬಂದರೆ ಅವನ ಊಟದ ಕೋಣೆಯಲ್ಲಿ ಬಾತುಕೋಳಿ ಸಾಕಬಹುದಿತ್ತು. ಆದರೂ ಮನುಷ್ಯನಿಗೆ ಎತ್ತರವಿತ್ತು, ಒಳ್ಳೆಯ ಟೋಪನ್ ಕೂದಲಿತ್ತು, ತಾನು ಕವಿ ಎಂಬ ಗಟ್ಟಿ ನಂಬಿಕೆಯಿತ್ತು. ಈಸ್ಟರ್ ಹಬ್ಬದಿಂದ ಈಚೆಗೆ ಅವನು ಮದಾಮ್ ತಿಬೂ ಮನೆಗೆ ಹೂವು ಕಳಿಸುತ್ತಿದ್ದ. ಒಂದು ಗುರುವಾರ ಆಕೆ ಪಾಠದ ನಡುವೆ ಇದ್ದಕ್ಕಿದ್ದ ಹಾಗೆ, "ಮೇಷ್ಟ್ರೇ, ಬ್ಯಾರನ್ ಮನುಷ್ಯ ಹೇಗೆ?" ಎಂದು ಕೇಳಿದಳು.

ಇಂಥ ಪ್ರಶ್ನೆಗೆ ಒಂದು ಗಂಡಸಿನ ಉತ್ತರ ಇರುತ್ತದೆ. ಅದನ್ನು ನುಂಗಿಕೊಂಡು ತೂಸಾನ್ ವಾದ್ಯದ ತಂತಿ ಬಿಗಿಮಾಡುತ್ತ, "ಉಚ್ಚಾರ ಸ್ಪಷ್ಟ, ಮದಾಮ್" ಎಂದ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡ. ಹಾಡಿನ ಮೇಷ್ಟ್ರಿಗೆ ಬ್ಯಾರನ್ನನ ಮೇಲೆ ದೂರು ಹೇಳುವ ಅಧಿಕಾರ ಎಲ್ಲಿದೆ ಎಂದು ಸಮಾಧಾನವನ್ನೂ ಹೇಳಿಕೊಂಡ. ತನಗೆ ಕಳೆದುಹೋಗುವುದು ಸೂಪು ಮಾತ್ರ, ಅದೂ ಉಪ್ಪು ಕಮ್ಮಿಯಾದ ಸೂಪು ಎಂದುಕೊಂಡ. ಮನುಷ್ಯ ತನಗೇ ಹೇಳಿಕೊಳ್ಳುವ ಸುಳ್ಳಿನಷ್ಟು ಸಲೀಸಾದ ಸುಳ್ಳು ಇನ್ನೊಂದಿಲ್ಲ.

ಮರುವಾರ ಬ್ಯಾರನ್ನನ ಮನೆಯಿಂದಲೇ ಕರೆ ಬಂತು. ಬ್ಯಾರನ್ ಕಿಟಕಿಯ ಹತ್ತಿರ, ಒಂದು ಕೈ ಸೊಂಟದ ಮೇಲಿಟ್ಟುಕೊಂಡು ನಿಂತಿದ್ದ. ಇನ್ನೊಂದು ಕೈಯಲ್ಲಿ ಎರಡು ನುಡಿಯ ಕವಿತೆ.

"ಏನಯ್ಯಾ ಬ್ರೆವಾಲ್, ಈ ಊರಲ್ಲಿ ಮಾತಿಗೆ ರಾಗ ಹಾಕೋದ್ರಲ್ಲಿ ನಿನ್ನ ಬಿಟ್ರೆ ಇಲ್ಲ ಅಂತಾರೆ. ನಿಜಾನಾ?"

"ಜನರ ದೊಡ್ಡ ಮನಸ್ಸು, ಸ್ವಾಮಿ."

"ಜನರದ್ದು ಬಿಡು. ಕೇಳಿಲ್ಲಿ. ಬರೋ ಗುರುವಾರ ತಿಬೂ ಮನೆಗೆ ಊಟಕ್ಕೆ ಬರ್ತಿದ್ದೀನಿ. ಅಲ್ಲಿ ನೀನು ಇದನ್ನ ಹಾಡ್ಬೇಕು. ನಾನು ಮದುವೆ ಮಾತು ಎತ್ತಿದ್ದೀನಿ, ಆಕೆ ಹಾಡು ಕೇಳಿ ಉತ್ತರ ಹೇಳ್ತೀನಿ ಅಂದಿದ್ದಾಳೆ. ನೋಟರಿ ಕೊಕಾರನಿಗೂ ಕಾಗದ ಪತ್ರ ತಗೊಂಡು ಬಾ ಅಂದಿದ್ದೀನಿ. ಊಟ, ಹಾಡು, ಸಹಿ."

"ಆಗ್ಲಿ, ಸ್ವಾಮಿ."

"ಒಂದು ಷರತ್ತು. ನನ್ನ ಕವಿತೆ ನಾನು ಹೇಗೆ ಓದ್ತೀನೋ ಹಾಗೇ ರಾಗ ಇರ್ಬೇಕು. ಒಂದು ಉಸಿರು ಅತ್ತಿತ್ತ ಆಗಕೂಡ್ದು. ನೀವು ಹಾಡೋರು ಕವಿಗಳ ಕತ್ತು ಕುಯ್ಯೋದು ನಂಗೆ ಗೊತ್ತಿಲ್ವಾ?"

"ಅದೇ ನನ್ನ ಪದ್ಧತಿ ಸ್ವಾಮಿ. ಓದಿ ಅಂತೀನಿ, ಬರ್ಕೋತೀನಿ. ಮೂರು ಸಲ ಓದ್ಬೇಕು ಅಷ್ಟೆ."

ಮೂರು ಸಲ ಏಕೆಂದು ಬ್ಯಾರನ್ ಕೇಳಲಿಲ್ಲ, ಕೇಳಿದ್ದರೂ ತೂಸಾನ್ ಹೇಳುತ್ತಿರಲಿಲ್ಲ. ಅದು ಅವನ ಕಸುಬಿನ ಒಳಗುಟ್ಟು. ಯಾರೇ ಆಗಲಿ, ಮೊದಲ ಸಲ ಓದುವಾಗ ನಟನಾಗಿರುತ್ತಾನೆ. ಎರಡನೇ ಸಲ, ಮೊದಲ ಸಲ ಹೇಗೆ ಓದಿದೆ ಎಂದು ನೆನೆಸಿಕೊಂಡು ಅದನ್ನೇ ನಕಲು ಮಾಡುತ್ತಾನೆ. ಮೂರನೇ ಸಲಕ್ಕೆ ಬೇಜಾರು ಹತ್ತುತ್ತದೆ, ಹೊಟ್ಟೆ ಹಸಿಯುತ್ತದೆ, ಆಗ ದನಿಯ ಬೆನ್ನಿಗೆ ಕಟ್ಟಿದ ಕೋಲು ಬಿದ್ದುಹೋಗಿ ಮನಸ್ಸಿನಲ್ಲಿರುವುದು ತಾನಾಗಿ ನಾಲಿಗೆಗೆ ಬರುತ್ತದೆ. ತೂಸಾನ್ ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದದ್ದು ಮೂರನೆಯ ಓದನ್ನು ಮಾತ್ರ.

ಬ್ಯಾರನ್ ಮೊದಲ ಸಲ ಓದಿದಾಗ ಕಿಟಕಿಯ ಗಾಜು ನಡುಗಿತು. ಎರಡನೇ ಸಲವೂ ನಡುಗಿತು, ಅದೇ ಜಾಗಗಳಲ್ಲಿ. ಮೂರನೇ ಸಲ ಅವನು ಕುರ್ಚಿಯಲ್ಲಿ ಕೂತು, ಕಿಟಕಿಯ ಹೊರಗೆ ನೋಡುತ್ತ, ಸುಮ್ಮನೆ ಓದಿದ.

"ಕ್ಲೋರಿಸ್, ನಿನ್ನ ಕಣ್ಣಿನ ಕಿಡಿಗೆ ನಾ ಬೂದಿಯಾದೆ;
ಹೊಳೆಯಂಚಿನ ಹುಲ್ಲುಗಾವಲಲ್ಲಿ ಅಲೆದು ಅಲೆದು,
ಗಿರಣಿಯ ಗಾಲಿಯ ಹಾಗೆ ಹಗಲಿರುಳು ತಿರುಗುತಿದೆ
ಈ ನನ್ನ ಹೃದಯ."

ಕವಿತೆಯಲ್ಲಿ ಬರುವ ಹೆಂಗಸು ಯಾರೇ ಆಗಿರಲಿ ಅವಳಿಗೆ ಕ್ಲೋರಿಸ್ ಎಂದೋ ಮತ್ತೊಂದೋ ಕುರುಬಿತಿಯ ಹೆಸರಿಡುವುದು ಆಗಿನ ರೂಢಿ. ಮದಾಮ್ ತಿಬೂ ಜನ್ಮದಲ್ಲಿ ಕುರಿ ಮುಟ್ಟಿದವಳಲ್ಲ, ತಟ್ಟೆಯಲ್ಲಿ ಬಿಟ್ಟರೆ. ತೂಸಾನನ ಸೀಸದಕಡ್ಡಿ ನಿಂತಿದ್ದು ಕುರಿಗಾಗಿ ಅಲ್ಲ. "ಕಣ್ಣಿನ ಕಿಡಿ" ಎನ್ನುವಾಗ ಬ್ಯಾರನ್ನನ ದನಿ ಹಲಗೆಯ ಹಾಗೆ ಚಪ್ಪಟೆ ಮಲಗಿತ್ತು. "ಹೊಳೆಯಂಚಿನ" ಎನ್ನುವಾಗ ಮೆಲ್ಲಗೆ ಎದ್ದು ಕೂತಿತು. "ಹುಲ್ಲುಗಾವಲಲ್ಲಿ" ಎನ್ನುವಾಗ ಮೆಟ್ಟಿಲು ಹತ್ತಿತು. "ಗಿರಣಿ" ಎನ್ನುವಾಗ ಅಯ್ಯೋ, ಏನು ಹೇಳಲಿ, ಆ ಒಂದು ಪದದ ಮೇಲೆ ದನಿ ನಡುಗಿ, ಒದ್ದೆಯಾಗಿ, ಬಿಡಲಾರದೆ ನಿಂತುಬಿಟ್ಟಿತು. ಆಮೇಲೆ "ಹೃದಯ" ಬಂತು. ಅದರ ಕೊನೆಯ ಅಕ್ಷರವನ್ನಂತೂ ಬ್ಯಾರನ್ ಆಕಳಿಕೆಯ ಜೊತೆ ನುಂಗಿಯೇಬಿಟ್ಟ.

ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ. ತಾನು ಪ್ರೀತಿಸುತ್ತಿದ್ದೇನೆಂದು ಅವನು ನಿಜವಾಗಿ ನಂಬಿದ್ದ. ಯಾವುದನ್ನು ಎಂಬುದೊಂದೇ ಅವನಿಗೆ ಗೊತ್ತಿರಲಿಲ್ಲ.

"ಹೇಗಿತ್ತು?" ಎಂದ ಬ್ಯಾರನ್.

"ಕೊನೇ ಓದಲ್ಲಿ ಭಾವ ಬಹಳ ಚೆನ್ನಾಗಿ ಬಂತು, ಸ್ವಾಮಿ."

"ಹೌದಲ್ವಾ? ನಂಗೂ ಹಾಗೇ ಅನ್ನಿಸ್ತು. ಮದುವೆ ಆದ್ಮೇಲೆ ನಾವು ಪಿಕಾರ್ಡಿಯ ನನ್ನ ಕೋಟೆಗೆ ಹೋಗಿಬಿಡ್ತೀವಿ. ಆಕೆಗೆ ಈ ಹಾಡು ಗೀಡು ಎಲ್ಲ ಅಲ್ಲಿಗೆ ಸಾಕು. ನಿಂಗೆ ಬೇರೆ ಪಾಠ ಸಿಗುತ್ತೆ ಬಿಡು."

ತೂಸಾನ್ ಮನೆಗೆ ಬಂದು ಮೇಜಿನ ಮುಂದೆ ಕೂತ. ಅವನಿಗೆ ಅತ್ತ ದರಿ, ಇತ್ತ ಪುಲಿ. ಹಾಡು ಕೆಟ್ಟದಾದರೆ ಹೆಸರು ಕೆಡುತ್ತದೆ. ಬ್ಯಾರನ್ ಊರೆಲ್ಲ ಸಾರಿಕೊಂಡು ಬರುತ್ತಾನೆ. ಹಾಡು ಸುಂದರವಾದರೆ, "ಕಣ್ಣಿನ ಕಿಡಿ"ಗೆ ತಾನು ಒಂದು ಮೇಲೇರುವ ರಾಗ ಕೊಟ್ಟು, "ಹೃದಯ"ಕ್ಕೆ ಒಂದು ನಿಟ್ಟುಸಿರು ಕೊಟ್ಟರೆ, ಆ ಬೆಕ್ಕಿನ ಕಿವಿ ಅದನ್ನು ಕೇಳಿ ನಂಬುತ್ತದೆ. ಬ್ಯಾರನ್ನನಿಗೆ ಇಲ್ಲದ ಪ್ರೀತಿಯನ್ನು ತಾನು ಸಾಲ ಕೊಟ್ಟ ಹಾಗೆ ಆಗುತ್ತದೆ. ಆಕೆ ಪಿಕಾರ್ಡಿಯ ಸೋರುವ ಕೋಟೆಯಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕಾಗುತ್ತದೆ, ಮೊದಲ ಗಂಡನ ಕಾಲದಲ್ಲಿ ಕೂತ ಹಾಗೆ. ಅದನ್ನು ನೆನೆದು ಅವನು ರಾತ್ರಿಯೆಲ್ಲ ಕೋಣೆಯ ಉದ್ದಕ್ಕೂ ಓಡಾಡಿದ. ಸೂಪಿಗಾಗಿ ಇಷ್ಟು ಸಂಕಟ ಯಾರಿಗೂ ಆಗಬಾರದು.

ಬುಧವಾರ ಮೀನಿನ ಕಟ್ಟೆಯಲ್ಲಿ ಪೆರಿನ್ ಸಿಕ್ಕಳು. ಬುಟ್ಟಿಯಲ್ಲಿ ಎರಡು ದೊಡ್ಡ ಮೀನು, ಮುಖದಲ್ಲಿ ಸಿಡುಕು.

"ನಾಳೆ ನಿಮ್ಮ ಹಾಡಂತಲ್ಲ ಮೇಷ್ಟ್ರೇ. ಅಮ್ಮಾವ್ರು ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಹಾಡು ಕೇಳಿ ಹೇಳ್ತೀನಿ ಅಂತ ಕೂತವ್ರೆ. ನೀವೇನಾದ್ರೂ ಚೆನ್ನಾಗಿ ಹಾಡಿಬಿಟ್ರೆ ನಾನು ಆ ಪಿಕಾರ್ಡಿಗೆ ಹೋಗಿ ಬ್ಯಾರನ್ನನ ಬಾತುಕೋಳಿ ಮೇಯಿಸ್ಬೇಕು."

"ಕೆಟ್ಟದಾಗಿ ಹಾಡಕ್ಕೆ ನಂಗೆ ಬರಲ್ಲ ಪೆರಿನ್."

"ಹಾಗಾದ್ರೆ ನಿಜ ಹಾಡಿ."

ಅವಳು ಸುಮ್ಮನೆ ಬಾಯಿಗೆ ಬಂದದ್ದು ಹೇಳಿ, ಮೀನಿನವಳ ಜೊತೆ ಜಗಳಕ್ಕೆ ತಿರುಗಿದಳು. ತೂಸಾನ್ ಮಾತ್ರ ಕಟ್ಟೆಯ ನಡುವೆ ನಿಂತುಬಿಟ್ಟ. ಬ್ಯಾರನ್ ಏನೆಂದಿದ್ದ? ನಾನು ಓದಿದ ಹಾಗೇ ಇರಬೇಕು, ಒಂದು ಉಸಿರು ಅತ್ತಿತ್ತ ಆಗಕೂಡದು. ಹೌದಲ್ಲ! ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಇವನು ಒದ್ದಾಡುತ್ತಿದ್ದರೆ, ಹಾವೇ ಬಂದು ಕೋಲನ್ನು ಕೈಗೆ ಕೊಟ್ಟು ಹೋಗಿತ್ತು. ತೂಸಾನ್ ಮನೆಗೆ ಓಡಿದ. ಚೀಟಿಯಲ್ಲಿದ್ದ ಮೂರನೇ ಓದನ್ನು ಒಂದು ಗುರುತೂ ಬದಲಿಸದೆ, ಅಂದವಾದ ಅಕ್ಷರದಲ್ಲಿ, ಒಳ್ಳೆಯ ಕಾಗದದ ಮೇಲೆ ಇಳಿಸಿದ. ಇಷ್ಟು ವಿಧೇಯನಾಗಿ ಅವನು ಜೀವಮಾನದಲ್ಲಿ ಯಾರ ಅಪ್ಪಣೆಯನ್ನೂ ಪಾಲಿಸಿರಲಿಲ್ಲ.

ಗುರುವಾರ ಬಂತು. ಊಟದ ಮೇಜಿನ ಒಂದು ತುದಿಗೆ ಮದಾಮ್ ತಿಬೂ, ಇನ್ನೊಂದು ತುದಿಗೆ ಈಗಾಗಲೇ ಮನೆಯ ಯಜಮಾನನ ಹಾಗೆ ಕಾಲು ಚಾಚಿದ ಬ್ಯಾರನ್. ನಡುವೆ ನೋಟರಿ ಕೊಕಾರ್. ತೊಡೆಯ ಮೇಲೆ ಚರ್ಮದ ಚೀಲ, ಚೀಲದಲ್ಲಿ ಮದುವೆಯ ಪತ್ರ. ಪಕ್ಕದಲ್ಲಿ ಅವನ ಹೆಂಡತಿ, ಬೀಸಣಿಗೆ ಬೀಸುತ್ತ. ಸೂಪು ಬಂತು. ನೋಟರಿ ಒಂದು ಗುಟುಕು ಕುಡಿದು ನೀರಿಗೆ ಕೈ ಚಾಚಿದ. ತೂಸಾನ್ ಎರಡು ಗುಟುಕು ಕುಡಿದು ಚಮಚ ಕೆಳಗಿಟ್ಟ.

"ಮದಾಮ್, ಸೂಪಿಗೆ ಇನ್ನೊಂದು ಚಿಟಿಕೆ ಉಪ್ಪು ಬೇಕಿತ್ತು."

ಅಡುಗೆಮನೆಯಲ್ಲಿ ಏನೋ ದೊಪ್ಪನೆ ಬಿದ್ದ ಸದ್ದಾಯಿತು. ಮದಾಮ್ ಉಪ್ಪಿನ ಬಟ್ಟಲನ್ನು ಸರಿಸಿದಳು.

ಮೀನು, ಹಣ್ಣು, ದ್ರಾಕ್ಷಾರಸ ಎಲ್ಲ ಮುಗಿದ ಮೇಲೆ ತೂಸಾನ್ ತನ್ನ ಉದ್ದ ಕತ್ತಿನ ತಂತಿವಾದ್ಯವನ್ನು ಮಡಿಲಿಗೆ ಎಳೆದುಕೊಂಡು ಮೊದಲ ನುಡಿ ಹಾಡಿದ. "ಕ್ಲೋರಿಸ್, ನಿನ್ನ ಕಣ್ಣಿನ ಕಿಡಿಗೆ ನಾ ಬೂದಿಯಾದೆ" ಎಂಬುದು ಒಂದೇ ಸ್ವರದ ಮೇಲೆ, ಸಂತೆಗೆ ಹೋಗುವವನಿಗೆ ಹೆಂಡತಿ ಸಾಮಾನು ಹೇಳಿ ಕಳಿಸುವ ಹಾಗೆ, ಸಾಗಿತು. ನೋಟರಿ ತೂಕಡಿಸತೊಡಗಿದ. ಹೊಳೆ ಬಂದಾಗ ರಾಗ ತಲೆಯೆತ್ತಿತು. ಹುಲ್ಲುಗಾವಲಿನಲ್ಲಿ ಅದು ಒಂದೊಂದೇ ಸ್ವರ ಹತ್ತಿ, ಎದೆ ಬಿರಿಯುವ ಹಾಗೆ ಹಿಗ್ಗಿ, ಗಿರಣಿಯ ತುದಿ ಮುಟ್ಟಿ, ಅಲ್ಲಿ ಕಣ್ಣೀರಿಡುತ್ತ ನಿಂತಿತು. ತೂಸಾನನ ದನಿ ಅಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ. ನೋಟರಿ ಬೆಚ್ಚಿ ಎದ್ದು, ಚೀಲಕ್ಕೆ ಕೈ ಹಾಕಿ, "ಯಾವ ಗಿರಣಿ? ಮೇಲಿಂದೋ ಕೆಳಗಿಂದೋ?" ಎಂದ.

"ಸುಮ್ನಿರ್ರಿ," ಎಂದು ಅವನ ಹೆಂಡತಿ ಬೀಸಣಿಗೆಯಿಂದ ತಿವಿದಳು. ಆ ಬೀಸಣಿಗೆ ಆಮೇಲೆ ಅವಳ ಮುಖವನ್ನು ಬಿಟ್ಟು ಈಚೆಗೆ ಬರಲಿಲ್ಲ, ಅದರ ಹಿಂದೆ ಅವಳ ಭುಜ ಮಾತ್ರ ಕುಣಿಯುತ್ತಿತ್ತು. "ಈ ನನ್ನ ಹೃದಯ" ಎಂಬುದನ್ನು ತೂಸಾನ್ ಆಕಳಿಕೆ ಇದ್ದಷ್ಟೇ ಉದ್ದಕ್ಕೆ ಹಾಡಿ ಮುಗಿಸಿದ.

ಬ್ಯಾರನ್ನನ ಕಣ್ಣು ಒದ್ದೆಯಾಗಿತ್ತು. ಹಾಡಿನುದ್ದಕ್ಕೂ ಅವನು ತುಟಿ ಆಡಿಸುತ್ತ ಜೊತೆಗೇ ಸಾಗಿದ್ದ. "ಅಬ್ಬಾ! ನನ್ನ ಮನಸ್ಸೇ ಎದ್ದು ಬಂದು ಹಾಡಿದ ಹಾಗಾಯ್ತು," ಎಂದ.

ತೂಸಾನ್ ಮದಾಮ್ ತಿಬೂ ಮುಖ ನೋಡಿದ. ಅಲ್ಲಿ ನಗುವಿಲ್ಲ, ಸಿಟ್ಟಿಲ್ಲ, ಏನೂ ಇಲ್ಲ. ಆಕೆ ಮೇಜಿನ ಮೇಲಿನ ರೊಟ್ಟಿಯ ಚೂರುಗಳನ್ನು ಬೆರಳಿನಿಂದ ಒಟ್ಟುಮಾಡುತ್ತಿದ್ದಳು. ಅವನಿಗೆ ಬೆವರು ಬಂತು. ಆಕೆಗೆ ಕೇಳಿಸಲಿಲ್ಲವೇ? ಗಿರಣಿಯ ಹತ್ತಿರ ತಾನು ಅಷ್ಟು ಚೆನ್ನಾಗಿ ಹಾಡಿದ್ದೇ ತಪ್ಪಾಯಿತೇ? ಆ ನಡುಕವನ್ನು ಆಕೆ ತನ್ನ ಸಲುವಾಗಿ ಬಂದದ್ದೆಂದು ತಿಳಿದಳೇ? ನೋಟರಿ ಆಗಲೇ ಶಾಯಿಯ ಕುಡಿಕೆಯ ಮುಚ್ಚಳ ತೆಗೆದಿದ್ದ.

"ಎರಡನೇ ನುಡಿ ಇದೆಯಲ್ಲ," ಎಂದಳು ಆಕೆ. "ಅದನ್ನ ನಾನು ಹಾಡ್ಲಾ, ಮೇಷ್ಟ್ರೇ?"

ಮೊದಲ ನುಡಿಯನ್ನು ಬರೆದ ಹಾಗೆ ಹಾಡುವುದು, ಎರಡನೆಯದನ್ನು ಅದೇ ರಾಗದಲ್ಲಿ ಅಲಂಕಾರ ಹಾಕಿ ಹಾಡುವುದು ಅಲ್ಲಿಯ ರೂಢಿ. ಯಾವ ಮಾತಿಗೆ ಎಷ್ಟು ಒಡವೆ ಎಂಬುದು ಹಾಡುವವರಿಗೆ ಬಿಟ್ಟದ್ದು. ಆದರೆ ಅದಕ್ಕೂ ನೀತಿಯಿದೆ. ತೂಕದ ಮಾತಿಗೆ ಮಾತ್ರ ಒಡವೆ. ಹಗುರ ಮಾತಿಗೆ ಹಾಕಿದರೆ ಯಜಮಾನಿಯ ಸರವನ್ನು ಪೊರಕೆಗೆ ತೊಡಿಸಿದ ಹಾಗೆ ಎಂದು ಆಕೆಗೆ ಹೇಳಿಕೊಟ್ಟವನು ತೂಸಾನನೇ. ಆಕೆ ಕಾಗದ ತೆಗೆದುಕೊಂಡು, ಬ್ಯಾರನ್ನನ ಎದುರಿಗೇ ನಿಂತು, ತನ್ನ ಸಣ್ಣ ದನಿಯಲ್ಲಿ ಶುರುಮಾಡಿದಳು.

"ಒಪ್ಪಿಕೋ, ಕ್ಲೋರಿಸ್; ಸಿರಿ ಬೇಡ, ಸಂಪದ ಬೇಡ;
ತುಂಬಿದ ಕಣಜದ ನೆರಳಲ್ಲಿ ಬಡ ಕುರುಬನಾಗಿ,
ಗಿರಣಿಯ ಸದ್ದೇ ಜೋಗುಳವೆಂದು ಮಲಗುವೆ
ನಿನ್ನ ತೋಳಲ್ಲಿ."

"ಕ್ಲೋರಿಸ್" ಎಂಬುದು ಬರಿಗೈಯಲ್ಲಿ ಬಂತು, ಬರಿಗೈಯಲ್ಲಿ ಹೋಯಿತು. "ಸಿರಿ ಬೇಡ" ಎನ್ನುವಾಗ "ಸಿರಿ"ಗೆ ಒಂದು ಪುಟ್ಟ ಓಲೆ ತೊಡಿಸಿದಳು, "ಬೇಡ"ಕ್ಕೆ ಏನೂ ಇಲ್ಲ. "ತುಂಬಿದ ಕಣಜ"ಕ್ಕೆ ಬಳೆ, ಸರ, ವಂಕಿ ಎಲ್ಲ ಬಂತು. "ಗಿರಣಿ"ಗೆ ಬಂದಾಗ ಆಕೆ ಆ ಸ್ವರವನ್ನು ಹಿಡಿದು ತಿರುಗಿಸತೊಡಗಿದಳು. ಒಂದು ಸುತ್ತು, ಎರಡು ಸುತ್ತು. ನೀರು ಬಿದ್ದ ಗಾಲಿಯ ಹಾಗೆ ದನಿ ತಿರುಗಿ ತಿರುಗಿ, ಕಾಳು ಅರೆದು, ಹಿಟ್ಟು ಉದುರಿಸಿ, ಏಳನೇ ಸುತ್ತಿಗೆ ನೋಟರಿಯ ಹೆಂಡತಿ ಬೀಸಣಿಗೆಯ ಹಿಂದೆ ಕುದುರೆಯ ಹಾಗೆ ಕೆನೆದಳು. ಆಮೇಲೆ "ನಿನ್ನ ತೋಳಲ್ಲಿ" ಎಂಬುದನ್ನು, ಯಾರೋ ಮರೆತು ಬಿಟ್ಟುಹೋದ ಕೊಡೆಯ ಹಾಗೆ, ಅಲ್ಲೇ ಮೂಲೆಗೆ ಒರಗಿಸಿ ಕಾಗದ ಕೆಳಗಿಟ್ಟಳು.

ಬ್ಯಾರನ್ ಎದ್ದು ನಿಂತು ಚಪ್ಪಾಳೆ ತಟ್ಟಿದ. "ಇದು! ಇದು ಹಾಡು! ಹಾಗಾದ್ರೆ ಮದಾಮ್, ಉತ್ತರ?"

"ಹಾಡು ನಿಮ್ಮ ಮನಸ್ಸಿಗೆ ಸರಿಯಾಗಿತ್ತಾ, ಬ್ಯಾರನ್ ಅವರೇ?"

"ಒಂದು ಕೂದಲೆಳೆ ವ್ಯತ್ಯಾಸ ಇಲ್ಲ!"

"ನಂಗೂ ಹಾಗೇ ಅನ್ನಿಸ್ತು. ಇಷ್ಟೊಂದು ಪ್ರೀತಿ ಇದೆ ಅಂತ ಗೊತ್ತಿರ್ಲಿಲ್ಲ. ನಾಳೆನೇ ಗಿರಣಿಗೆ ಹೋಗಿ ಹೇಳ್ತೀನಿ. ಆದ್ರೆ ಅದಕ್ಕೆ ಈಗಾಗ್ಲೇ ಗಿರಣಿಯವನಿದ್ದಾನೆ, ಒಳ್ಳೆಯವನು. ನನ್ನ ವಿಷಯಕ್ಕೆ ಬಂದ್ರೆ, ಎರಡು ನುಡಿನೂ ಹುಡುಕಿದೆ, ನಿಮ್ಮ ಹಾಡಲ್ಲಿ ನಂಗೆ ಕೂರೋಕೆ ಒಂದು ಮಣೆಯಷ್ಟು ಜಾಗ ಸಿಗ್ಲಿಲ್ಲ."

ಬ್ಯಾರನ್ ಹಾಡಿನ ಕಾಗದ ನೋಡಿದ, ನೋಟರಿಯ ಮುಖ ನೋಡಿದ. ಆಮೇಲೆ ತೂಸಾನನ ಕಡೆ ತಿರುಗಿದ. "ಬ್ರೆವಾಲ್! ಏನೋ ಮಾಡಿದ್ದೀಯ ನೀನು!"

"ನಿಮ್ಮ ಅಪ್ಪಣೆ ಪಾಲಿಸಿದ್ದೀನಿ ಸ್ವಾಮಿ. ಒಂದು ಉಸಿರೂ ಅತ್ತಿತ್ತ ಮಾಡಿಲ್ಲ. ಕೂದಲೆಳೆ ವ್ಯತ್ಯಾಸ ಇಲ್ಲ ಅಂತ ಈಗ ತಾನೇ ತಾವೇ…"

ಬ್ಯಾರನ್ ಟೋಪಿ ತೆಗೆದುಕೊಂಡ. ಬಾಗಿಲವರೆಗೆ ಹೋದವನು ವಾಪಸು ಬಂದು ಹಾಡಿನ ಕಾಗದವನ್ನೂ ಎತ್ತಿಕೊಂಡು ಹೋದ. ಮುಂದೆ ಅವನು ಕವಿತೆಯ ಗಿರಣಿಯನ್ನು ತೆಗೆದು ಅಲ್ಲಿ ದ್ರಾಕ್ಷಿತೋಟ ಸೇರಿಸಿ, ಇನ್ನೊಬ್ಬ ವಿಧವೆಗೆ ಅದನ್ನೇ ಹಾಡಿಸಿದನೆಂದು ಸುದ್ದಿ. ಅಂದು ಮೆಟ್ಟಿಲು ಇಳಿಯುವಾಗಲೇ ಅವನು ಅದನ್ನು ಗುನುಗುತ್ತಿದ್ದದ್ದು ಮೇಲಿನವರೆಗೂ ಕೇಳಿಸಿತು. ನೋಟರಿ ಶಾಯಿಯ ಕುಡಿಕೆಗೆ ಮುಚ್ಚಳ ಹಾಕಿ, ಇನ್ನೊಂದು ಹೂಜಿ ನೀರು ಕುಡಿದು, ಹೆಂಡತಿಯನ್ನು ಹಿಡಿದುಕೊಂಡು ಮನೆಗೆ ಹೋದ. ಅವಳಿಗೆ ನಕ್ಕು ನಕ್ಕು ಕಾಲಲ್ಲಿ ಬಲವಿರಲಿಲ್ಲ.

ತೂಸಾನ್ ವಾದ್ಯ ಒರೆಸುತ್ತ ಹೊಗಳಿಕೆಗೆ ಕಾದು ಕೂತ. ಬಂದ ಮಾತು ಬೇರೆ.

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?" ಎಂದಳು ಮದಾಮ್ ತಿಬೂ. "ಮನುಷ್ಯ ಹೇಗೆ ಅಂತ ಕೇಳಿದ್ರೆ ಉಚ್ಚಾರ ಸ್ಪಷ್ಟ ಅಂತೀರಿ. ನಾನೆಲ್ಲಾದ್ರೂ ಕಿವುಡಿ ಆಗಿದ್ರೆ ಈ ಹೊತ್ತಿಗೆ ಸಹಿ ಹಾಕಿರ್ತಿದ್ದೆ."

"ನಿಮ್ಮ ಕಿವಿ ಮೇಲೆ ನಂಬಿಕೆ ಇತ್ತು, ಮದಾಮ್."

"ಇತ್ತಾ? ಸರಿ. ಹಾಗಾದ್ರೆ ಇದನ್ನ ಕೇಳಿ ಹೇಳಿ. ನಾನೇ ಬರೆದದ್ದು." ಆಕೆ ಗೋಡೆ ಬದಿಯ ಪೆಟ್ಟಿಗೆಯಿಂದ ಒಂದು ಹಳೆಯ ಕಾಗದ ತೆಗೆದಳು. ಅಂಚೆಲ್ಲ ಮುದುಡಿತ್ತು, ತಿದ್ದಿ ತಿದ್ದಿ ಬರೆದ ಗುರುತುಗಳು ಒಂದರ ಮೇಲೊಂದು ಕೂತಿದ್ದವು. ಮಾತಿಲ್ಲದೆ, ಬರೀ ರಾಗವನ್ನು ಹಾಡಿದಳು. ಸಣ್ಣ ರಾಗ. ಮೊದಲ ಸ್ವರವೇ ಒಂದು ಗಳಿಗೆ ತಡವರಿಸಿ ಎತ್ತರಕ್ಕೆ ಹೋಗಿ, ಅಲ್ಲಿ ತಾನಿರುವುದು ಯಾರಿಗಾದರೂ ಕಂಡೀತೆಂದು ಹೆದರಿ ಥಟ್ಟನೆ ಇಳಿದು, ಆಮೇಲೆ ಏನೂ ಆಗದವನ ಹಾಗೆ ಸಣ್ಣ ಸಣ್ಣ ಹೆಜ್ಜೆಯಲ್ಲಿ ನಡೆದು, ಕೊನೆಗೆ ಪ್ರಶ್ನೆಯ ಹಾಗೆ ಅರ್ಧಕ್ಕೆ ನಿಂತಿತು.

ತೂಸಾನನ ಕಸುಬು ಎದ್ದು ಕೂತಿತು. "ಚೆನ್ನಾಗಿದೆ! ಬಹಳ ಚೆನ್ನಾಗಿದೆ ಮದಾಮ್. ಪ್ರೇಮದ ಕವಿತೆ ಇರ್ಬೇಕು. ನೋಡಿ, ಈ ಮೊದಲನೇ ಸ್ವರ, ಅವಳನ್ನ ಕರೀತಾನೆ. ಕರೆದ ತಕ್ಷಣ ಹೆದರ್ತಾನೆ. ಆಮೇಲಿನದೆಲ್ಲ ಬರೀ ನೆಪ; ಹೇಳೋದು ಇದ್ದಿದ್ದು ಆ ಮೊದಲನೇ ಸ್ವರದಲ್ಲೇ ಮುಗೀತು. ಪಾಪ, ಯಾರೋ ಬಹಳ ದಿನದಿಂದ ಒದ್ದಾಡ್ತಿದ್ದಾನೆ. ಮಾತು ಯಾವುದು ಇದಕ್ಕೆ?"

ಅಡುಗೆಮನೆಯ ಬಾಗಿಲಲ್ಲಿ ಪೆರಿನ್ ಸೌಟು ಹಿಡಿದು ನಿಂತಿದ್ದಳು. "ಊರಿಗೆಲ್ಲ ಶಕುನ ಹೇಳೋ ಹಲ್ಲಿ," ಎಂದಳು ತನ್ನಷ್ಟಕ್ಕೆ, "ಬಿತ್ತು ನೋಡು ಕಲಗಚ್ಚಿನ ಬಾನಿಗೆ."

ಮದಾಮ್ ತಿಬೂ ಅದೇ ರಾಗವನ್ನು ಮತ್ತೆ ಹಾಡಿದಳು, ಈ ಸಲ ಮಾತಿನ ಜೊತೆ.

"ಮದಾಮ್, ಸೂಪಿಗೆ ಇನ್ನೊಂದು ಚಿಟಿಕೆ ಉಪ್ಪು ಬೇಕಿತ್ತು."

ತೂಸಾನನ ಕಿವಿ ಕೆಂಪಾಯಿತು, ಆಮೇಲೆ ಕತ್ತು, ಆಮೇಲೆ ಮುಖ. ಊರಿನವರೆಲ್ಲರ ದನಿ ಗೊತ್ತಿದ್ದ ಆ ಮನುಷ್ಯನಿಗೆ ತನ್ನ ದನಿ ಗೊತ್ತಿರಲಿಲ್ಲ. ಬ್ಯಾರನ್ನನ ಹಾಗೆ ತಾನೂ ತನ್ನದೇ ಹಾಡಿಗೆ ಚಪ್ಪಾಳೆ ತಟ್ಟಿದ್ದ. ಓಡಿಹೋಗೋಣವೆಂದರೆ ಮಡಿಲಲ್ಲಿ ಆ ಉದ್ದ ಕತ್ತಿನ ವಾದ್ಯ. ಅದನ್ನು ಹಿಡಿದುಕೊಂಡು ಯಾವ ಗಂಡಸೂ ಬೇಗ ಓಡಲಾರ.

"ಆರು ವರ್ಷ ತಿದ್ದಿದ್ದೀನಿ," ಎಂದಳು ಆಕೆ. ಈಗ ಆಕೆಯ ದನಿಯೂ ನೆಟ್ಟಗಿರಲಿಲ್ಲ. "ಪ್ರತಿ ಗುರುವಾರ ಒಂದೊಂದು ಗುರುತು. ಸರಿಯಾಗಿದ್ಯೋ ಇಲ್ವೋ ನಂಗೆ ಗೊತ್ತಿಲ್ಲ, ಅದಕ್ಕೇ ಬ್ಯಾರನ್ನನಿಗೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಿಮ್ಮ ಪದ್ಧತಿ ಇದೆಯಲ್ಲ ಮೇಷ್ಟ್ರೇ, ಅದರ ಪ್ರಕಾರ ಪರೀಕ್ಷೆ ಆಗ್ಲಿ. ಮೂರು ಸಲ ಓದಿ."

"ಏನನ್ನ, ಮದಾಮ್?"

"ಅದೇ ಸಾಲು."

ತೂಸಾನ್ ಗಂಟಲು ಸರಿಮಾಡಿಕೊಂಡ. ಮೊದಲ ಸಲ, ನಾಟಕದವನ ಹಾಗೆ ಎದೆ ಸೆಟೆಸಿಕೊಂಡು, ಸೂಪಿಗೆ ಇನ್ನೊಂದು ಚಿಟಿಕೆ ಉಪ್ಪು ಬೇಕಿತ್ತೆಂದು ಹೇಳಿದ. ಪೆರಿನ್ ಸೌಟನ್ನು ಬಾಗಿಲ ಚೌಕಟ್ಟಿಗೆ ಕುಟ್ಟಿದಳು. ಎರಡನೇ ಸಲ ಅದನ್ನೇ ಹೇಳಲು ಹೋಗಿ ಚಿಟಿಕೆಯ ಹತ್ತಿರ ದನಿ ಒಡೆಯಿತು. ಮದಾಮ್ ತಿಬೂ ಸೀಸದಕಡ್ಡಿ ಕೈಗೆತ್ತಿಕೊಂಡು, ಐದು ಗೆರೆಗಳ ಮೇಲೆ ತಲೆ ಬಗ್ಗಿಸಿ ಕಾದಳು.

ಮೂರನೇ ಸಲ ಅವನು ಹೇಳಿದ್ದರಲ್ಲಿ ಸೂಪೂ ಇರಲಿಲ್ಲ, ಉಪ್ಪೂ ಇರಲಿಲ್ಲ. ಆಕೆಯ ಹೆಸರು ಮಾತ್ರ ಇತ್ತು, "ಅರ್ಮೆಲ್" ಅಂತ.